ಕೇಳುವ ಕೈ

ಅಪ್ಪನ ಕಾಲುಗಳು ಮೊದಲ ಸಲ ನಿಂತುಹೋದದ್ದು ಅಡುಗೆಮನೆಯ ಹೊಸ್ತಿಲ ಮುಂದೆ. ಚಹಾ ಕುಡಿದ ಕಪ್ಪು ಇಡಲು ಬರುತ್ತಿದ್ದವರು ಹೊಸ್ತಿಲ ಹತ್ತಿರ ಬಂದಕೂಡಲೇ, ಯಾರೋ ಪಾದಗಳನ್ನು ನೆಲಕ್ಕೆ ಅಂಟಿಸಿದ ಹಾಗೆ, ನಿಂತುಬಿಟ್ಟರು. ಮೈ ಮುಂದೆ ಹೋಯಿತು, ಕಾಲು ಹೋಗಲಿಲ್ಲ. ಸುಹಾಸಿನಿ ಓಡಿ ಬರುವುದರೊಳಗೆ ಬಿದ್ದಿದ್ದರು.

ತೆಲಂಗಾಣ ಹೊಸ ರಾಜ್ಯವಾದ ಮರುವರ್ಷದ ಮಾತು ಅದು. ಅಪ್ಪ ಜನಾರ್ದನರಾಯರು ಸಿಕಂದರಾಬಾದಿನ ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಇಡೀ ನೌಕರಿ ಮುಗಿಸಿ ನಿವೃತ್ತರಾದವರು. ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದಕ್ಕೆ ಮೊದಲು ದಾರಿ ಬಿಡಬೇಕು ಎಂದು ಫೋನಿನಲ್ಲಿ ಹೇಳುತ್ತಾ ಕೂತವರಿಗೆ ಈಗ ತಮ್ಮ ಕಾಲೇ ಹೇಳಿದ ಮಾತು ಕೇಳುತ್ತಿರಲಿಲ್ಲ. ಪಾರ್ಕಿನ್ಸನ್ ಎಂದರು ಡಾಕ್ಟರು. ಹೆಂಡತಿ ತೀರಿಕೊಂಡಿದ್ದರು. ಮಾರೇಡ್‌ಪಲ್ಲಿಯ ಮನೆಯಲ್ಲಿದ್ದವರು ಅವರು ಮತ್ತು ಒಬ್ಬಳೇ ಮಗಳು ಸುಹಾಸಿನಿ.

ಸುಹಾಸಿನಿ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅದೇ ವರ್ಷ ಅವಳಿಗೆ ಧಾರವಾಡದಲ್ಲಿ ಪಿಎಚ್.ಡಿ. ಮಾಡಲು ಅವಕಾಶ ಸಿಕ್ಕಿತ್ತು. ಅಪ್ಪನ ರೋಗದ ಹೆಸರು ಗೊತ್ತಾದ ಮೇಲೆ, ಇನ್ನೊಂದಿಷ್ಟು ದಿನ ಕಾಯಿರಿ ಎಂದು ಪ್ರೊಫೆಸರರನ್ನು ಕೇಳಿಕೊಂಡು ಸುಮ್ಮನಾದಳು. ಅಪ್ಪನಿಗೆ ಹೇಳಲಿಲ್ಲ. ಆ ಮನೆಯಲ್ಲಿ ಮಾತು ಮೊದಲೇ ಕಡಿಮೆ. ಗುಳಿಗಿ ತಗೊಂಡ್ರೇನು, ತಗೊಂಡೆ. ಊಟ ಆತೇನು, ಆತು. ಅಲ್ಲಿಗೆ ಮುಗಿಯಿತು.

ತಾಯ್ ಚೀ ಕಲಿಸಿ ನೋಡಿ ಎಂದವರು ಡಾಕ್ಟರೇ. ಚೀನಾದ ಹಳೆಯ ವಿದ್ಯೆ, ಯುದ್ಧಕಲೆಯೇ ಆದರೂ ನಿಧಾನದ್ದು, ಮೈಯ ತೂಕ ಒಂದು ಕಾಲಿನಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂಬುದನ್ನು ಕಲಿಸುತ್ತದೆ, ಬೀಳುವುದು ಕಡಿಮೆಯಾದೀತು ಎಂದರು. ಹುಡುಕುತ್ತಾ ಹೋದಾಗ ಸಿಕ್ಕಿದವರು ಲ್ಯೂ ಮಾಸ್ಟರ್.

ಲ್ಯೂ ಮಾಸ್ಟರ್ ಅವರ ಹಿರಿಯರು ಚೀನಾದಿಂದ ಕಲ್ಕತ್ತೆಗೆ, ಅಲ್ಲಿಂದ ಸಿಕಂದರಾಬಾದಿಗೆ ಬಂದು ಬೂಟಿನ ಅಂಗಡಿ ಇಟ್ಟವರು. ಮಾಸ್ಟರ್ ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಮುಖ ನೋಡಿ ಇಂಗ್ಲಿಷಿನಲ್ಲಿ ಮಾತಾಡಿಸಿದವರಿಗೆ ಅಚ್ಚ ದಖನಿ ಉರ್ದುವಿನಲ್ಲಿ ಉತ್ತರ ಬರುತ್ತಿತ್ತು. ಊರ ಹೊರಗೆ ದುಂಡಿಗಲ್ ದಾಟಿದ ಮೇಲೆ, ದೊಡ್ಡ ಬಂಡೆಗಳ ನಡುವೆ, ತಮ್ಮ ತಂದೆಯಿಂದ ಕಲಿತ ವಿದ್ಯೆಗಾಗಿ ಅವರೊಂದು ಶಾಲೆ ಕಟ್ಟಿದ್ದರು. ಸುತ್ತಲಿನ ಜನ ಅದನ್ನು ಅಖಾಡಾ ಎನ್ನುತ್ತಿದ್ದರು. ಕಲಿಯುವವರು ಅಲ್ಲೇ ಇರಬೇಕು, ಅಂಗಳ ಗುಡಿಸಬೇಕು, ತಮ್ಮ ತಟ್ಟೆ ತಾವೇ ತೊಳೆಯಬೇಕು. ಮಕ್ಕಳು ಬೆಳಗಾಗುವ ಹೊತ್ತಿಗೆ ಎದ್ದು ಒದೆತ, ಕೋಲು ವರಸೆ ಎಂದು ಕುಣಿದಾಡುತ್ತಿದ್ದರು. ಅಂಗಳದ ಇನ್ನೊಂದು ಬದಿಗೆ, ಹುಣಸೆಮರದ ಕೆಳಗೆ, ನಿಧಾನದವರ ಗುಂಪು.

ಮಾಸ್ಟರ್ ರಾಯರನ್ನು ಅಂಗಳದಲ್ಲಿ ಆಚೆ ಈಚೆ ನಡೆಸಿ ನೋಡಿದರು. ಆಮೇಲೆ ಸುಹಾಸಿನಿಯ ಕಡೆ ತಿರುಗಿ, "ಅಕೇಲೇ ನಕ್ಕೋ" ಎಂದರು. ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ. ಜೊತೆಗಿದ್ದು ಜೊತೆಗೇ ಕಲಿಯುವವರೊಬ್ಬರು ಬೇಕು.

ಹೀಗೆ ಸುಹಾಸಿನಿಯೂ ಶಿಷ್ಯೆಯಾಗಿ ಅಪ್ಪನ ಕೂಡ ಅಲ್ಲಿಯೇ ಉಳಿದಳು. ಕಾರ್ಖಾನೆ ಅಲ್ಲಿಂದ ದೂರವಿರಲಿಲ್ಲ. ಬೆಳಗಿನ ಅಭ್ಯಾಸ ಮುಗಿಸಿ ಸ್ಕೂಟರಿನಲ್ಲಿ ಹೋಗಿ, ಸಂಜೆಯ ಅಭ್ಯಾಸಕ್ಕೆ ಬಂದುಬಿಡುತ್ತಿದ್ದಳು. ಹಗಲಿನಲ್ಲಿ ಅಪ್ಪನ ಮೇಲೆ ಅಖಾಡಾದವರ ಕಣ್ಣಿರುತ್ತಿತ್ತು. ಮೈಗೆ ಅಂಟಿದ ಲ್ಯಾಬಿನ ವಾಸನೆ ಹುಣಸೆಮರದ ಕೆಳಗೆ ನಿಂತ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತಿತ್ತು. ಆ ಗಾಳಿ ಅವಳಿಗೆ ಇಂದಿಗೂ ನೆನಪಿದೆ.

ಮೊದಲಿನ ದಿನಗಳಲ್ಲಿ ಕಲಿಸಿದ್ದು ಬರೀ ನಿಲ್ಲುವುದನ್ನು. ಮೊಣಕಾಲು ಸ್ವಲ್ಪ ಸಡಿಲ, ದೊಡ್ಡ ಗಡಿಗೆಯೊಂದನ್ನು ತಬ್ಬಿಕೊಂಡಂತೆ ಎರಡೂ ಕೈ ಎದೆಯ ಮುಂದೆ. ಅಷ್ಟೇ. ರಾಯರು ರೇಗಿದರು.

"ಇಡೀ ಆಯುಷ್ಯ ಗಾಡಿ ನಿಂದರಿಸಿದಾಂವಗ ಈಗ ನಿಂದರೂದು ಕಲಸ್ತಾನಂತ ಇಂವಾ!"

"ಅಪ್ಪಾ, ಮಾಸ್ಟರಿಗೆ ಕೇಳಸ್ತದ."

"ಕೇಳಲಿ. ಕನ್ನಡ ಬರೂದಿಲ್ಲಲಾ ಅವಗ."

ಅಡುಗೆಮನೆಯ ಬಾಗಿಲಲ್ಲಿ ಯಾರೋ ನಕ್ಕರು. ಗದಿಗೆಮ್ಮ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸು. ಈ ಅಖಾಡಾದ ಗೋಡೆಗಳಿಗೆ ಕಲ್ಲು ಹೊತ್ತು, ಕಟ್ಟಡ ಮುಗಿದ ಮೇಲೆ ಇಲ್ಲಿಯೇ ಅಡುಗೆಗೆ ನಿಂತಿದ್ದಳು. "ನನಗ ಬರ್ತೈತ್ರಿ ರಾಯರ. ಹೇಳ್ಲೇನ್ರಿ ಮಾಸ್ಟರಿಗೆ?" ಎಂದಳು. ರಾಯರು ಬಾಯಿ ಮುಚ್ಚಿಕೊಂಡು ಗಡಿಗೆ ತಬ್ಬಿಕೊಂಡರು. ಅವತ್ತು ಮಧ್ಯಾಹ್ನ ಮಕ್ಕಳಿಗೆಲ್ಲ ಅನ್ನ, ಬೇಳೆಯ ಪಪ್ಪು. ರಾಯರ ತಟ್ಟೆಗೆ ಮಾತ್ರ ಬಿಸಿ ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಬಂತು. ಹೆಂಡತಿ ಹೋದ ಮೇಲೆ ಮನೆಯಲ್ಲಿ ಯಾರೂ ರೊಟ್ಟಿ ಬಡಿದಿರಲಿಲ್ಲ. ಅವರು ಅದನ್ನು ತಿಂದು, ಇನ್ನೊಂದು ಕೇಳಿದರು.

ನಿಲ್ಲುವುದು ಬಂದ ಮೇಲೆ ತೂಕ ದಾಟಿಸುವ ಪಾಠ. ಒಂದು ಕಾಲು ತುಂಬಬೇಕು, ಇನ್ನೊಂದು ಖಾಲಿಯಾಗಬೇಕು. ಖಾಲಿಯಾದ ಕಾಲನ್ನು ಮಾತ್ರ ಎತ್ತಬೇಕು. ಅದಾದ ಮೇಲೆ ಇಬ್ಬರು ಕೂಡಿ ಮಾಡುವ ಅಭ್ಯಾಸ. ಎದುರುಬದುರು ನಿಂತು, ಒಬ್ಬರ ಮುಂಗೈಗೆ ಇನ್ನೊಬ್ಬರ ಮುಂಗೈ ತಾಗಿಸಿ, ನಿಧಾನವಾಗಿ ಒಬ್ಬರು ಒತ್ತಬೇಕು, ಇನ್ನೊಬ್ಬರು ಹಿಂದೆ ಸರಿದು ಆ ಒತ್ತನ್ನು ಬದಿಗೆ ಹಾಯಿಸಬೇಕು. ಕೈ ಹಿಡಿಯಬಾರದು, ಬಿಡಲೂಬಾರದು. ಎದುರಿನವರ ತೂಕ ಎಲ್ಲಿದೆ, ಎತ್ತ ಹೊರಟಿದೆ ಎಂಬುದನ್ನು ಚರ್ಮದಲ್ಲೇ ತಿಳಿಯಬೇಕು. ಮಾಸ್ಟರ್ ಇದಕ್ಕೆ 'ಕೈಯಿಂದ ಕೇಳೋದು' ಎನ್ನುತ್ತಿದ್ದರು.

ಅಪ್ಪ-ಮಗಳು ಎದುರುಬದುರು ನಿಂತರು. ಚಿಕ್ಕವಳಿದ್ದಾಗ ಸ್ಟೇಷನ್ನಿನ ಗದ್ದಲದಲ್ಲಿ ಅಪ್ಪನ ಬೆರಳು ಹಿಡಿದದ್ದು ಬಿಟ್ಟರೆ, ಆಮೇಲೆ ಅವಳು ಅವರ ಕೈ ಮುಟ್ಟಿದ್ದು ಬಿದ್ದಾಗ ಎಬ್ಬಿಸಲು ಮಾತ್ರ. ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಪ್ಪ ಹುಣಸೆಮರ ನೋಡಿದರು, ಅವಳು ಅಪ್ಪನ ಅಂಗಿಯ ಗುಂಡಿ ನೋಡಿದಳು. ಅವರ ಮುಂಗೈ ಸಣ್ಣಗೆ ನಡುಗುತ್ತಿತ್ತು. ಅವಳಿಗೆ ಗೊತ್ತಿಲ್ಲದೇ ಅವಳ ಇನ್ನೊಂದು ಕೈ ಅವರ ಮೊಣಕೈ ಹಿಡಿಯಿತು.

"ಛೋಡ್ ದೇವ್ ಅಮ್ಮಾ," ಎಂದರು ಮಾಸ್ಟರ್.

"ಬಿಟ್ಟರೆ ಬೀಳ್ತಾರೆ ಮಾಸ್ಟರ್" ಎಂದು ಅವಳು ಹಿಂದಿಯಲ್ಲಿ ಹೇಳಿದಳು.

"ಗಿರ್ನೆ ದೇವ್."

ಬೀಳಲಿ ಬಿಡು! ಅವಳಿಗೆ ಸಿಟ್ಟು ಬಂತು. ಮಾಸ್ಟರ್ ಇಬ್ಬರನ್ನೂ ಮಕ್ಕಳು ಲಾಗ ಹಾಕುವ ಮರಳಿನ ಗುಂಡಿಗೆ ಕರೆದುಕೊಂಡು ಹೋದರು. ನೀನು ಅವರನ್ನು ಹಿಡಿದುಕೊಂಡಿದ್ದೀಯ ಅಂದುಕೊಂಡಿದ್ದೀಯ, ಅವರು ನಿನ್ನ ಮೇಲೆ ಒರಗಿ ತಮ್ಮ ಕಾಲನ್ನೇ ಮರೆತಿದ್ದಾರೆ, ಹೀಗೇ ಇದ್ದರೆ ಒಂದು ದಿನ ಇಬ್ಬರೂ ಬೀಳುತ್ತೀರಿ ಎಂದರು. ಮೊದಲು ತಾವೇ ಮರಳಿನಲ್ಲಿ ಮೊಣಕಾಲು ಮಡಚಿ, ಕುಂಡೆ ಊರಿ, ಬದಿಗೆ ಹೊರಳಿ ಬಿದ್ದು ತೋರಿಸಿದರು. ನಂತರ ರಾಯರಿಗೆ ಅದನ್ನೇ ಹಂತಹಂತವಾಗಿ ಮಾಡಿಸಿದರು. ಕೊನೆಗೆ ಮಗಳಿಗೆ ಹೇಳಿದರು, ಈಗ ಒತ್ತು.

ಸುಹಾಸಿನಿ ಒತ್ತಿದಳು, ಒತ್ತದ ಹಾಗೆ. ಮತ್ತೊಮ್ಮೆ ಎಂದರು. ಮೂರನೆಯ ಸಲ ಅಪ್ಪನ ಹಿಮ್ಮಡಿ ಜಾರಿತು. ಅವಳ ಕೈ ಮುಂದಕ್ಕೆ ಹೋಯಿತು. ಮಾಸ್ಟರ್ ಅದನ್ನು ತಡೆದರು. ರಾಯರು ಮೊಣಕಾಲು ಮಡಚಿ, ಕೂತು, ಹೊರಳಿ, ಮರಳಿನಲ್ಲಿ ಅಂಗಾತ ಮಲಗಿಬಿಟ್ಟರು. ಸುಹಾಸಿನಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಆಗ ಕೇಳಿಸಿದ್ದು ಅಪ್ಪನ ನಗು. ಕನ್ನಡಕ ಒಂದು ಕಿವಿಗೆ ಜೋತಾಡುತ್ತಿತ್ತು, ಕೂದಲ ತುಂಬ ಮರಳು. "ಏನೂ ಆಗಿಲ್ಲ, ಸುಹಾಸ! ಏನೂ ಆಗಿಲ್ಲ ನೋಡ!" ಎಂದು ನಗುತ್ತಲೇ ಇದ್ದರು. ಅವ್ವ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ಅವಳು ಕಂಡಿರಲಿಲ್ಲ.

ಬೀಳುವ ಹೆದರಿಕೆ ಹೋದ ಮೇಲೆ ನಡಿಗೆ ಸುಧಾರಿಸಿತು. ಊಟದ ಕೋಣೆಯ ಬಾಗಿಲಲ್ಲಿ ಕಾಲು ಅಂಟಿಕೊಂಡರೆ ರಾಯರು ಗಾಬರಿಯಾಗುತ್ತಿರಲಿಲ್ಲ. ನಿಂತು, ಎಡಗಾಲು ತುಂಬಿ, ಬಲಗಾಲು ಖಾಲಿ ಮಾಡಿ, ಆಮೇಲೆ ಎತ್ತಿ ಇಡುತ್ತಿದ್ದರು. ಹಿಂದೆ ತಟ್ಟೆ ಹಿಡಿದ ಮಕ್ಕಳ ಸಾಲು ಕಾಯುತ್ತಿತ್ತು. "ಲೈನ್ ಕ್ಲಿಯರ್!" ಎಂದು ರೈಲಿಗೆ ದಾರಿ ಬಿಡುವ ಹಾಗೆ ಅವರೇ ಕೂಗಿ ಒಳಗೆ ಹೋಗುತ್ತಿದ್ದರು. ಮಕ್ಕಳಿಗೂ ಅದೇ ಚಾಳಿಯಾಯಿತು.

ಮಳೆಗಾಲ ಕಳೆಯಿತು. ಬತುಕಮ್ಮ ಹಬ್ಬ ಹತ್ತಿರ ಬಂದು, ಊರ ಹೆಣ್ಣುಮಕ್ಕಳು ಬಂಡೆಗಳ ಸಂದಿನಲ್ಲಿ ಬೆಳೆದ ಹೂ ಕೊಯ್ಯಲು ಬರುತ್ತಿದ್ದರು. ಅಂಥದೊಂದು ದಿನ ಕಾರ್ಖಾನೆಯಲ್ಲಿದ್ದಾಗ ಧಾರವಾಡದ ಪ್ರೊಫೆಸರರ ಫೋನು ಬಂತು. ಇನ್ನು ಕಾಯಲಾಗುವುದಿಲ್ಲ, ಬರುತ್ತೀಯೋ ಇಲ್ಲವೋ ಹೇಳಿಬಿಡು ಎಂದರು. ಬರುವುದಿಲ್ಲ ಎಂದು ಹೇಳುತ್ತೇನೆ ಎಂದುಕೊಂಡವಳು, ನಾಳೆ ಹೇಳುತ್ತೇನೆ ಸರ್ ಎಂದಳು.

ಸಂಜೆ ಎಂದಿನಂತೆ ಅಪ್ಪನ ಮುಂಗೈಗೆ ಮುಂಗೈ ತಾಗಿಸಿ ನಿಂತಳು. ಅಪ್ಪ ಒತ್ತಿದರು, ಅವಳು ಸರಿದಳು; ತಿರುಗುವ ಮೊದಲು ಅಪ್ಪನ ಮುಂಗೈ ಎಂದಿನ ಹಾಗೆ ಒಂದು ಕ್ಷಣ ತಡೆದು ಮೆಲ್ಲಗೆ ಮೇಲಕ್ಕೆದ್ದಿತು. ಎರಡು ಸುತ್ತು ಆಗುವಷ್ಟರಲ್ಲಿ ಅಪ್ಪ ಕೈ ಇಳಿಸಿದರು.

"ಏನಾಗೇದ?"

"ಏನಿಲ್ಲ."

"ಸುಳ್ಳು ಹೇಳಬ್ಯಾಡ. ನಿನ್ನ ಕೈ ಇವತ್ತು ಕಟಗಿ ಆಗೇದ."

ಅವಳು ಹೇಳಿದಳು. ಮೊದಲಿನಿಂದ ಎಲ್ಲ ಹೇಳಿದಳು. ರಾಯರು ಹುಣಸೆಮರದ ಕಟ್ಟೆಯ ಮೇಲೆ ಕೂತು ಕೇಳಿದರು.

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ಏನ್ ಮಾಡ್ತಿದ್ರಿ? ನಿಮ್ಮನ್ನ ಯಾರು ನೋಡ್ಕೋಬೇಕು?"

"ಹೋಗು ನೀನು. ನಾಳೇನೇ ಹೇಳು, ಬರ್ತೀನಂತ."

ಅವಳಿಗೆ ಸಮಾಧಾನವಾಗುವ ಬದಲು ಕೋಪ ಉಕ್ಕಿತು. "ಅಂದ್ರ ನಾ ಬ್ಯಾಡಾದ್ನೇನು ನಿಮಗ? ಎಲ್ಲಾ ಬಿಟ್ಟು ನಿಮ್ಮ ಕೂಡ ನಿಂತೀನಿ, ಹೋಗು ಅಂತೀರಿ?"

"ಬ್ಯಾಡಾಗಿಲ್ಲ, ಸುಹಾಸ." ರಾಯರು ಕಟ್ಟೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿದರು. "ನಿನ್ನ ಅವ್ವ ಹೋದ ಮ್ಯಾಲೆ ನಾನು ನಿನ್ನ ಮ್ಯಾಲೇ ಭಾರ ಹಾಕಿ ನಿಂತೆ. ಗೊತ್ತಿತ್ತು ನನಗ. ಹಗರ ಆಗ್ತದ ಅಂತ ಹಂಗೇ ನಿಂತೆ. ಈಗ ನನ್ನ ಕಾಲು ನನಗ ಸಿಕ್ಕಾವ. ಎಷ್ಟು ದಿನ ಇರ್ತಾವೋ ಇರಲಿ. ಅವು ಇದ್ದಾಗ ನೀ ಹೋಗು."

"ಮಾರೇಡ್‌ಪಲ್ಲಿ ಮನ್ಯಾಗ ಒಬ್ರೇ ಹ್ಯಾಂಗ ಇರ್ತೀರಿ?"

"ಅಲ್ಲಿ ಯಾಕ ಇರ್ಲಿ? ಇಲ್ಲೇ ಇರ್ತೀನಿ. ಇಲ್ಲಿ ರೊಟ್ಟಿ ಅದ, ಮಕ್ಕಳ ಗದ್ದಲ ಅದ. ಆ ಮನ್ಯಾಗ ಏನದ?"

ಮಾಸ್ಟರಿಗೆ ಕೇಳಿದಾಗ ಅವರು, ಇರಬಹುದು, ಆದರೆ ಜೊತೆಗೊಬ್ಬರು ಬೇಕು ಎಂದರು. ಒಲೆಯ ಮುಂದಿದ್ದ ಗದಿಗೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ನಾ ನಿಂದರ್ತೀನ್ರಿ ರಾಯರ ಎದುರಿಗೆ. ದಿನಾ ನೋಡಿ ನೋಡಿ ನನಗೂ ಬರಾಕತ್ತೈತಿ. ಆದ್ರ ರಾಯರ, ಇವು ಕಲ್ಲು ಹೊತ್ತ ಕೈ ಅದಾವ್ರಿ. ಜೋರಾಗಿ ಒತ್ತಿದ್ನಂದ್ರ ಮೇಡ್ಚಲ್‌ದಾಗ ಹೋಗಿ ಬೀಳ್ತೀರಿ!"

"ಬೀಳೂದು ನನಗ ಬರ್ತದ ಬಿಡು," ಎಂದರು ರಾಯರು.

ಸುಹಾಸಿನಿ ದಸರೆ ಮುಗಿಸಿ ಧಾರವಾಡಕ್ಕೆ ಹೋದಳು. ಮೊದಲಿನ ತಿಂಗಳುಗಳಲ್ಲಿ ಫೋನು ರಿಂಗಾದರೆ ಅವಳು ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದಳು. ಆದರೆ ಫೋನಿನಲ್ಲಿ ಅಪ್ಪ ಹೇಳುತ್ತಿದ್ದದ್ದು ಅಖಾಡಾದ ಸುದ್ದಿ. ಮಕ್ಕಳಿಗೆ ಪಾಠ, ಅಭ್ಯಾಸ, ಊಟ ಎಲ್ಲಕ್ಕೂ ರೈಲ್ವೆಯ ಶಿಸ್ತು ತಂದಿದ್ದರಂತೆ. ಹೊಸದಾಗಿ ಬಂದ ಮುದುಕರಿಗೆ ಮರಳಿನ ಗುಂಡಿಯಲ್ಲಿ ಬೀಳುವುದನ್ನು ತಾವೇ ಕಲಿಸುತ್ತಿದ್ದರಂತೆ. ಮನೆಯಲ್ಲಿ ಎರಡು ಮಾತಿಗೆ ಮುಗಿಸುತ್ತಿದ್ದ ಮನುಷ್ಯ ಫೋನು ಇಡುತ್ತಿರಲಿಲ್ಲ. ರಜೆಗೆ ಬಂದಾಗಲೆಲ್ಲ ಅವಳು ನೇರ ಅಖಾಡಾಕ್ಕೇ ಬರುತ್ತಿದ್ದಳು. ಹಿತ್ತಲ ಕಲ್ಲುಬೆಂಚಿನ ಮೇಲೆ ಅಪ್ಪನ ಕೂಡ ಕೂತು ಚಹಾ ಕುಡಿದ ಆ ಮುಂಜಾವುಗಳಷ್ಟು ಸುಖದ ಹೊತ್ತು ತನ್ನ ಜನ್ಮದಲ್ಲಿ ಬೇರೆ ಇಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ.

ರೋಗ ಬಿಡುವಂಥದ್ದಲ್ಲ. ವರ್ಷಗಳು ಕಳೆದಂತೆ ನಡಿಗೆ ಹೋಯಿತು, ಮಾತು ಗೊಗ್ಗರಾಯಿತು. ಧಾರವಾಡಕ್ಕೆ ಬರ್ರಿ ಎಂದು ಸುಹಾಸಿನಿ ಎಷ್ಟು ಕರೆದರೂ ಒಪ್ಪಲಿಲ್ಲ. ಕೊನೆಯ ವರ್ಷ ಹುಣಸೆಮರದ ಕೆಳಗೆ ಕುರ್ಚಿಯಲ್ಲಿ ಕೂತೇ ಕೈಗಳನ್ನಾಡಿಸುತ್ತಿದ್ದರು. ಎದುರಿಗೆ ಸ್ಟೂಲಿನ ಮೇಲೆ ಗದಿಗೆಮ್ಮ. ಒಂದು ಚಳಿಗಾಲದ ಬೆಳಿಗ್ಗೆ, ಅವಳು ಅಭ್ಯಾಸಕ್ಕೆ ಕರೆಯಲು ಹೋದಾಗ ಅವರು ಎದ್ದೇಳಲಿಲ್ಲ.

ಕ್ರಿಯಾಕರ್ಮ ಮುಗಿದ ಮೇಲೆ ಸುಹಾಸಿನಿ ಅಪ್ಪನ ಬಟ್ಟೆಬರೆ ತೆಗೆದುಕೊಂಡು ಹೋಗಲು ಬಂದಳು. ಚೀಲ ಕಟ್ಟಿ ಹೊರಗೆ ಬಂದಾಗ ಅಂಗಳ ಖಾಲಿಯಿತ್ತು. ಮಕ್ಕಳು ಒಳಗೆ ಪಾಠದಲ್ಲಿದ್ದರು. ಲ್ಯೂ ಮಾಸ್ಟರ್ ದೂರದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದವರು ಅವಳನ್ನು ನೋಡಿ ತಲೆಯಾಡಿಸಿದರು. ಗದಿಗೆಮ್ಮ ಹತ್ತಿರ ಬಂದಳು. ಅತ್ತು ಅವಳ ಕಣ್ಣು ಬಾತಿದ್ದವು.

"ಅಕ್ಕಾರ, ನನ್ನ ಕೂಡ ಒಂದೀಟು ನಿಂದರ್ತೀರೇನ್ರಿ? ಬೆಳಗ್ಗೆ ಎದ್ದ ಕೂಡ್ಲೆ ಕೈ ಸುಮ್ಮ ಇರವಲ್ಲವು."

ಇಬ್ಬರೂ ಹುಣಸೆಮರದ ಕೆಳಗೆ ನಿಂತು ಮುಂಗೈ ತಾಗಿಸಿದರು. ಗದಿಗೆಮ್ಮನ ಕೈ ಒರಟು, ಬೆಚ್ಚಗಿತ್ತು. ಅವಳು ಒತ್ತಿದಳು, ಸುಹಾಸಿನಿ ಸರಿದಳು. ತಿರುಗಿ ಬರುವ ಹೊತ್ತಿಗೆ ಗದಿಗೆಮ್ಮನ ಮುಂಗೈ ಒಂದು ಕ್ಷಣ ತಡೆದು, ದಾರಿ ಕೇಳುವಂತೆ ಮೆಲ್ಲಗೆ ಮೇಲಕ್ಕೆದ್ದು, ಆಮೇಲೆ ಹೊರಳಿತು. ಮಾಸ್ಟರ್ ಯಾರಿಗೂ ಹಾಗೆ ಕಲಿಸಿರಲಿಲ್ಲ. ಅದು ಅಪ್ಪನದು. ಇಷ್ಟು ವರ್ಷ ದಿನವೂ ಅವರೆದುರು ನಿಂತು, ಗದಿಗೆಮ್ಮನಿಗೆ ಗೊತ್ತಿಲ್ಲದೇ ಅದು ಅವಳ ಕೈಗೆ ಬಂದುಬಿಟ್ಟಿತ್ತು.

ಸುಹಾಸಿನಿ ಕಣ್ಣು ಮುಚ್ಚಿದಳು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಬಿಸಿಲು ಏರುವ ತನಕ ಇಬ್ಬರೂ ಹಾಗೆಯೇ ಒತ್ತುತ್ತ, ಸರಿಯುತ್ತ ನಿಂತಿದ್ದರು. ಆಮೇಲೆ ಗದಿಗೆಮ್ಮ, "ಉಂಡು ಹೋಗ್ರಿ ಅಕ್ಕಾರ, ಗಾಡಿ ಇನ್ನಾ ತಡ ಐತಿ" ಎಂದು ಒಲೆ ಹೊತ್ತಿಸಲು ಹೋದಳು. ಸುಹಾಸಿನಿ ಚಪ್ಪಲಿ ಬಿಟ್ಟು, ತಟ್ಟೆ ತೊಳೆದುಕೊಂಡು, ಅವಳ ಹಿಂದೆ ಒಳಗೆ ಹೋದಳು.