ನಲವತ್ತು ದಾಟಬಾರದು

ಮಾನ್ವಿಯ ಬಟ್ಟೆ ಅಂಗಡಿ ಅಮೀರ್ ಸಾಬ್‌ಗೆ ಹೊಸ ಮೋಟಾರ್‌ಸೈಕಲ್ ಬಂದು ಹದಿನೈದು ದಿನವಾಗಿತ್ತು. ಕಂಪನಿಯವರು ಅಂಟಿಸಿದ ಒಂದು ಸ್ಟಿಕ್ಕರನ್ನೂ ಅವನು ಕಿತ್ತಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದರಲ್ಲೂ ಟ್ಯಾಂಕಿನ ಕೆಳಗೆ ಫ್ರೇಮಿಗೆ ಅಂಟಿದ್ದ ಹಳದಿ ಸ್ಟಿಕ್ಕರು ಅವನ ಪಾಲಿಗೆ ಸರ್ಕಾರದ ಹುಕುಮೇ ಆಗಿತ್ತು. ಮೊದಲ ಸಾವಿರ ಕಿಲೋಮೀಟರ್ ಸ್ಪೀಡು ನಲವತ್ತು ದಾಟಬಾರದು ಎಂದು ಅದರಲ್ಲಿ ಬರೆದಿದೆಯಂತೆ. ರಾಯಚೂರಿನ ಶೋರೂಮಿನವನು ಓದಿ ಹೇಳಿದ್ದ.

ಗಾಡಿಯನ್ನು ಅವನು ಶೋಕಿಗೆ ತಂದದ್ದಲ್ಲ. ಮೂರು ವರ್ಷದ ಹಿಂದೆ ಮಗಳು ಜಾಹೆದಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಎದ್ದಾಗ ರಾಯಚೂರಿನ ಬಸ್ಸಿಗೆ ಕಾಯುತ್ತ ನಿಂತದ್ದೇ ನಿಂತದ್ದು, ಕೂಸು ದಕ್ಕಲಿಲ್ಲ. ಆ ವಾರವೇ ಅವನು ಗಾಡಿಗೆ ಹೆಸರು ಬರೆಸಿ ಬಂದಿದ್ದ; ಸರದಿ ಬರಲು ಇಷ್ಟು ವರ್ಷ ಹಿಡಿಯಿತು. ಈ ಸಲ, ಎರಡನೇ ಹೆರಿಗೆಗೆ, ಬೀಗರು ಅವಳನ್ನು ಕಳಿಸದೆ ದೇವದುರ್ಗದಲ್ಲೇ ಉಳಿಸಿಕೊಂಡರು. ಕಳಿಸಿ ಎಂದು ಕೇಳುವ ಮುಖ ಅವನಿಗೂ ಇರಲಿಲ್ಲ.

ಅಂದು ಬೆಳಗಿನ ಬಸ್ಸಿನ ಕಂಡಕ್ಟರು ಸುದ್ದಿ ತಂದ, ಜಾಹೆದಾಗೆ ನೋವು ಶುರುವಾಗಿದೆ ಎಂದು. ಅಮೀರ್ ಸಾಬ್ ಹೆಂಡತಿ ಗುಲ್ಶನ್ ಬೇಗಂಳನ್ನು ಹಿಂದೆ ಕೂರಿಸಿಕೊಂಡು ಹೊರಟ. ಮುಳ್ಳು ನಲವತ್ತರ ಹತ್ತಿರ ಬಂದರೆ ಸಾಕು, ಅವನ ಕೈ ಸಡಿಲವಾಗುತ್ತಿತ್ತು. ಐದಾರು ಮೈಲಿಗೊಮ್ಮೆ ಇಳಿದು ಎಂಜಿನ್ ಮುಟ್ಟಿ ನೋಡುತ್ತಿದ್ದ. ದೇವದುರ್ಗದ ಬಸ್ಸು ಧೂಳೆಬ್ಬಿಸಿ ಅವರನ್ನು ದಾಟಿ ಹೋಯಿತು. ಎರಡನೇ ಸಲ ನಿಲ್ಲಿಸಿದಾಗ ಗುಲ್ಶನ್ ಬೇಗಂಳೂ ಇಳಿದಳು.

"ಬಸ್ಸಿಗೇ ಬಂದಿದ್ರ ಮೊದಲ ಮುಟ್ಟತಿದ್ವಿ ನೋಡ್ರಿ."

"ಸ್ಟಿಕ್ಕರಿನಾಗ ಬರದದಲ್ಲ! ನಡುದಾರ್ಯಾಗ ಎಂಜಿನ್ ಹಿಡಕೊಂಡು ಗಾಡಿ ನಿಂತ್ರ ಏನ್ ಮಾಡ್ತಿ?"

ಅವಳು ಅವನ ಕೈ ನೋಡಿದಳು. ಮುಟ್ಟಿದ ಎಂಜಿನ್ನನ್ನೇ ಅದು ಮತ್ತೆ ಮತ್ತೆ ಮುಟ್ಟುತ್ತಿತ್ತು.

"ಎಂಜಿನ್ನಿಗೆ ಅಂಜಾಕತ್ತೀರೋ, ಅಲ್ಲಿಗೆ ಮುಟ್ಟಾಕ ಅಂಜಾಕತ್ತೀರೋ?"

ಅವನ ಅಂಜಿಕೆ ಅಲ್ಲಿಗೆ ಮುಟ್ಟುವುದಕ್ಕೇ. ಊರು ಮುಟ್ಟದಿರುವಷ್ಟು ಹೊತ್ತು ಕೆಟ್ಟ ಸುದ್ದಿಯೂ ಕಿವಿಗೆ ಬೀಳುವುದಿಲ್ಲವಲ್ಲ.

ಗುಲ್ಶನ್ ಬೇಗಂ ಚೀಲದಿಂದ ಕೊಬ್ಬರಿ ಎಣ್ಣೆ ಬಾಟಲಿ ತೆಗೆದಳು. ಹುಟ್ಟುವ ಕೂಸಿಗೆಂದು ತಂದಿದ್ದ ಎಣ್ಣೆ. ಹಳದಿ ಸ್ಟಿಕ್ಕರಿಗೆ ಸುರಿದು, ಸೆರಗಿನಿಂದ ತಿಕ್ಕಿ, ಮೂಲೆಗೆ ಉಗುರು ಹಾಕಿ ಜಗ್ಗಿದಳು. ಚೂರುಚೂರಾಗಿ ಬಂತು.

"ಹೊಸಾ ಗಾಡಿ ಅದು!"

"ಈಗ ಏನೂ ಬರದಿಲ್ಲ. ನಡೀರಿ."

ಅಮೀರ್ ಸಾಬ್‌ಗೆ ಸಿಟ್ಟು ನೆತ್ತಿಗೇರಿತು, ಕಣ್ಣಲ್ಲಿ ನೀರೂ ಬಂತು. ಕಿಕ್ ಹೊಡೆದ. ಮುಳ್ಳು ನಲವತ್ತು ದಾಟಿತು, ಐವತ್ತು ದಾಟಿತು. ಎಂಜಿನ್ ಹಿಡಿದುಕೊಳ್ಳಲಿಲ್ಲ.

ದೇವದುರ್ಗದಲ್ಲಿ ಗುಲ್ಶನ್ ಬೇಗಂ ಬೀಗರ ಮನೆಯೊಳಕ್ಕೆ ಓಡಿದಳು. ಅವನು ಗಾಡಿಯನ್ನು ಓಣಿಯ ಬಾಯಲ್ಲೇ ನಿಲ್ಲಿಸಿಕೊಂಡ. ಮನೆಯೊಳಗಿನ ಸದ್ದು ಅಷ್ಟು ದೂರ ಕೇಳುತ್ತಿರಲಿಲ್ಲ. ನರ್ಸಮ್ಮ ಅವಸರದಲ್ಲಿ ಒಳಗೆ ಹೋದಳು. ಆಮೇಲೆ ಯಾರೂ ಹೊರಗೆ ಬರಲಿಲ್ಲ. ಅವನಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಹ್ಯಾಂಡಲಿಗೆ ತೂಗುಬಿಟ್ಟ ಚೀಲದಿಂದ ಬಾಟಲಿ ತೆಗೆದು, ಉಳಿದ ಸ್ಟಿಕ್ಕರುಗಳನ್ನು ತಾನೇ ತಿಕ್ಕಿ ಕೀಳತೊಡಗಿದ. ಒಂದಾಯಿತು, ಎರಡಾಯಿತು. ಮೂರನೆಯದು ಅರ್ಧ ಕಿತ್ತಿರುವಾಗ ಗುಲ್ಶನ್ ಬೇಗಂ ಬಂದು ಬಾಟಲಿಗೆ ಕೈ ಹಾಕಿದಳು.

"ಅಷ್ಟೂ ಗಾಡಿಗೇ ಸುರೀತೀರೇನು? ಕೊಡ್ರಿ ಇಲ್ಲಿ, ಕೂಸಿಗೆ ಹಚ್ಚಬೇಕು."

ಅಮೀರ್ ಸಾಬ್ ಬಾಟಲಿ ಬಿಡಲಿಲ್ಲ.

"ಯಾರಿಗೆ ಅಂದಿ? ಇನ್ನೊಮ್ಮಿ ಹೇಳು."