ಕಂಕುಳ ಡಾಕ್ಟರು

ನಮ್ಮ ಮನೆಯವರು ಬೈದರೆ ಆಡು ಬದುಕುತ್ತಿತ್ತು. ಮೆತ್ತಗೆ ಮಾತಾಡಿದರೆ ಅದರ ಕಥೆ ಮುಗಿಯಿತು ಅಂತಲೇ ಲೆಕ್ಕ. ಇದು ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದವರು ಅವರೊಬ್ಬರೇ ಅಂತ ನಾನು ತಿಳಿದಿದ್ದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಈ ಲೆಕ್ಕ ಕೊನೆಗೆ ನಮ್ಮ ಮನೆ ಬಾಗಿಲಿಗೇ ಬಂತು.

ಅವರು ಡಾಕ್ಟರಲ್ಲ. ದನದಾಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದವರು. ಕೆಲಸ ಮುಗಿದ ಮೇಲೆ, ರಜೆಯ ದಿನ, ನಿವೃತ್ತಿಯಾದ ಮೇಲಂತೂ ಹೊತ್ತು ಹುಟ್ಟಿದರೆ ಸಾಕು, ಆಡು ಸಾಕಿದವರ ಮನೆ ಬಾಗಿಲಲ್ಲಿ ಇರುತ್ತಿದ್ದರು. ನಡೆಯುವಾಗ ಬಲಗೈ ಮಾತ್ರ ಬೀಸುತ್ತಿತ್ತು, ಎಡಗೈ ಮೈಗೆ ಅಂಟಿಕೊಂಡಿರುತ್ತಿತ್ತು. ದೂರದಿಂದ ನೋಡಿದವರು ರೆಕ್ಕೆ ಮುರಿದ ಹುಂಜ ಬರುತ್ತಿದೆ ಅನ್ನಬೇಕು. ಆ ಎಡ ಕಂಕುಳಲ್ಲಿ ವಿಟಮಿನ್ ಸೀಸೆ ಇರುತ್ತಿತ್ತು. ತಣ್ಣಗಿನ ಮದ್ದು ಒಳಗೆ ಇಳಿದರೆ ಆಡಿಗೆ ನೋವು ಜಾಸ್ತಿ ಅಂತ ಅವರ ವಾದ. ಬೆಳಕು ಬಿದ್ದರೆ ಮದ್ದು ಕೆಡುತ್ತದೆ ಅಂತ ಇನ್ನೊಂದು ವಾದ. ಅದಕ್ಕೆ ನಾನು ಹಳೇ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ, ಅವರ ಖಾಕಿ ಕೋಟಿನ ಒಳಗೆ ಕಂಕುಳಿಗೆ ಸರಿಯಾಗಿ ಒಂದು ಜೇಬು ಹೊಲಿದುಕೊಟ್ಟಿದ್ದೆ. ಎಂಥ ಬಿಸಿಲಿಗೂ ಕೋಟು ಬಿಚ್ಚುತ್ತಿರಲಿಲ್ಲ. ಬೆವರು, ಆಡು, ಬಿ ವಿಟಮಿನ್ನಿನ ಕಮಟು, ಈ ಮೂರು ವಾಸನೆ ಸೇರಿ ಅವರು ಓಣಿ ತಿರುಗುವ ಮೊದಲೇ ನನಗೆ ಸುದ್ದಿ ಬರುತ್ತಿತ್ತು. ಜನ ಕಂಕುಳ ಡಾಕ್ಟರು ಅಂತ ಹೆಸರಿಟ್ಟರು. ಸೀಸೆ ಇಲ್ಲದಾಗಲೂ ಕೈ ಹಾಗೇ ಇರುತ್ತಿತ್ತು. ಮಗಳ ಮದುವೆಯ ಫೋಟೋದಲ್ಲಿ ಹೊಸ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಏನನ್ನೋ ಬಚ್ಚಿಟ್ಟ ಕಳ್ಳನ ಹಾಗೆ ನಿಂತಿದ್ದಾರೆ.

ಆಡು ಹಿಡಿಯುವುದು ನನ್ನ ಕೆಲಸ. ಅದರ ಕತ್ತನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ ಕಿವಿ ಹಿಡಿದರೆ ಅಲ್ಲಾಡುತ್ತಿರಲಿಲ್ಲ. ಅವರು ಚುಚ್ಚುತ್ತಿದ್ದರು. ಹೀಗೆ ಎಷ್ಟು ಮನೆಗೆ ಹೋಗಿದ್ದೇವೋ.

ಬೇಕರಿಯ ಹಿಂದೆ ಇಸ್ತ್ರಿ ಮಾಡುವವಳೊಬ್ಬಳು ಇದ್ದಳು. ಬೇಕರಿಯವನು ಎಸೆಯುವ ಹಳಸಲು ಬ್ರೆಡ್ಡನ್ನು ತಂದು ಆಡಿಗೆ ಸುರಿಯುತ್ತಿದ್ದಳು. ಆಡಿಗೆ ಒಂದು ದಿನ ಕಣ್ಣು ಕಾಣಲಿಲ್ಲ. ಕತ್ತು ಹಿಂದಕ್ಕೆ ತಿರುಚಿ ಆಕಾಶ ನೋಡುತ್ತಿತ್ತು, ಸುಮ್ಮನೆ ಸುತ್ತುತ್ತಿತ್ತು, ಆಮೇಲೆ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಿತು. ಗಾಳಿ ಸೋಕಿದೆ ಅಂತ ಪಕ್ಕದವರು ಹೇಳಿದ್ದರು. ಇವರು ಬಂದವರೇ ಶುರು ಹಚ್ಚಿಕೊಂಡರು.

"ಗಾಳಿನೂ ಇಲ್ಲ ಗೀಳಿನೂ ಇಲ್ಲ. ಅದೇನು ಹೊಟ್ಟೆನೋ ಗೋದಾಮೋ? ಬ್ರೆಡ್ ತುಂಬಿದ್ರೆ ಹೊಟ್ಟೆ ಹುಳಿಯಾಗುತ್ತೆ, ಅಲ್ಲಿ ಹುಟ್ಟೋ ವಿಟಮಿನ್ ಹುಟ್ಟಲ್ಲ, ಮಿದುಳು ಕೆಡುತ್ತೆ. ನಿನ್ನೆ ಯಾಕೆ ಹೇಳಿ ಕಳಿಸಲಿಲ್ಲ? ಬಾಯಿ ಎಲ್ಲಿ ಅಡ ಇಟ್ಟಿದ್ದೆ?"

"ಬೈಬೇಡಿ ಅಣ್ಣ," ಅಂದಳು ಅವಳು. ಅಂದಳೇ ಹೊರತು ಮುಖದಲ್ಲಿ ನಗು ಬಂದಿತ್ತು. "ಅಕ್ಕ, ಬೈತಿದಾರಲ್ಲ, ಬದುಕುತ್ತೆ ಅಲ್ವಾ?" ಅಂತ ನನ್ನ ಕಿವಿಯಲ್ಲಿ ಕೇಳಿದಳು.

ಬದುಕಿತು. ಸೂಜಿ ಹಾಕಿ, ಕಾದು, ಮತ್ತೆ ಹಾಕಿ, ಅವಳ ಇಸ್ತ್ರಿ ಮೇಜಿನ ಕೆಳಗೆ ಕೂತೇ ಇದ್ದರು. ಸಂಜೆಗೆ ಅದರ ಕತ್ತು ಸಡಿಲವಾಯಿತು. ಮಾರನೆಯ ದಿನ ಅವರ ಕೋಟಿನ ಗುಂಡಿ ಕಂಡಿತು, ಕಿತ್ತು ತಿಂದಿತು. ಆ ಗುಂಡಿ ಹೊಲಿಯಲು ಅವರು ಬಿಡಲೇ ಇಲ್ಲ.

ಆದರೆ ಎಲ್ಲ ಆಡಿಗೂ ಬಂದದ್ದು ವಿಟಮಿನ್ನಿನ ಕಾಯಿಲೆಯಲ್ಲ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲ ಗಂಟು ಕಟ್ಟಿದ್ದಕ್ಕೆ, ಹುಳು ರಕ್ತ ಪೂರ್ತಿ ಹೀರಿದ ಮೇಲೆ, ವಿಟಮಿನ್ ಏನು ಮಾಡೀತು? ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಂಥ ಕಡೆ ಅವರ ದನಿಯೇ ಬೇರೆ. ಆಡಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡುವರು, ಹೊಟ್ಟೆ ಒತ್ತುವರು. ಆಮೇಲೆ, "ಒಂದು ಶಕ್ತಿ ಸೂಜಿ ಹಾಕೋಣ," ಅನ್ನುವರು. ಮಗು ಮಲಗಿಸುವವರ ಹಾಗೆ.

ದನದಾಸ್ಪತ್ರೆಯ ಡಾಕ್ಟರು ಒಮ್ಮೆ ಎಲ್ಲರ ಎದುರು ಕೇಳಿದರಂತೆ, "ಕಾಂಪೌಂಡರೇ, ಸತ್ತ ಆಡಿಗೂ ವಿಟಮಿನ್ ಕೊಡ್ತೀರಂತಲ್ಲ?"

"ಸತ್ತ ಮೇಲೆ ಕೊಡಲ್ಲ ಸಾರ್. ಅದಕ್ಕೆ ಸ್ವಲ್ಪ ಮುಂಚೆ."

ಮನೆಗೆ ಬಂದು ನನಗೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಪೊರಕೆ ಮಾರುವ ಅಜ್ಜಿಯ ಬಿಳಿ ಆಡಿಗೂ ಹಾಗೇ ಮಾಡಿದರು. ಅದರ ಹೊಟ್ಟೆ ಕಲ್ಲಾಗಿತ್ತು. ನನ್ನ ಮೊಣಕಾಲಿನ ನಡುವೆ ಅದು ಒದೆಯಲೂ ಇಲ್ಲ. ದಾರಿಯಲ್ಲಿ ಕೇಳಿದೆ, "ಬದುಕುತ್ತೇನ್ರೀ?"

"ಇಲ್ಲ."

"ಮತ್ತೆ ಸೂಜಿ ಯಾಕೆ?"

"ಬರಿಗೈಲಿ ಹ್ಯಾಗೆ ಎದ್ದು ಬರಲೇ?"

ಅಜ್ಜಿ ಆ ಸೂಜಿ ನಂಬಿಕೊಂಡು ಆಡಿನ ತಲೆ ತೊಡೆ ಮೇಲೆ ಇಟ್ಟುಕೊಂಡು ಕೂತಳು. ವ್ಯಾಪಾರ ಬಿಟ್ಟಳು. ಸೊಪ್ಪು ಕುಟ್ಟಿ ರಸ ಮಾಡಿ ಅದರ ಬಾಯಿಗೆ ಹಿಂಡಿದಳು. ಅದು ನರಳಿ ನರಳಿ ಸತ್ತ ಮೇಲೆ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ.

"ಉಳಿಯಲ್ಲ ಅಂತ ಹೇಳೋಕೆ ಏನಾಗಿತ್ತಪ್ಪ ನಿನಗೆ? ಹೇಳಿದ್ರೆ ಆವತ್ತೇ ಅತ್ತು ಮುಗಿಸ್ತಿದ್ದೆ. ಅದನ್ನೂ ಇಷ್ಟು ನರಳಿಸ್ತಿರಲಿಲ್ಲ."

ಇವರು ಬಾಗಿಲ ಚೌಕಟ್ಟು ಹಿಡಿದು ತಲೆ ಬಗ್ಗಿಸಿ ನಿಂತಿದ್ದರು. ಅವಳು ಹೋದ ಮೇಲೆ ನಾನೂ ಅಂದೆ, ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿದೆ ಅಂತ. "ತಪ್ಪಿಲ್ಲ," ಅಂದರು. ಮುಂದಿನ ಆಡಿಗೂ ಅದನ್ನೇ ಮಾಡಿದರು. ನಾಯಿ ಬಾಲದ ಡೊಂಕು.

ಆಮೇಲೆ ಅವರಿಗೇ ಊಟ ಸೇರದ ಹಾಗಾಯಿತು. ಕೋಟು ಅವರ ಮೇಲೆ ಗೂಟಕ್ಕೆ ನೇತುಹಾಕಿದ ಹಾಗೆ ಕಾಣತೊಡಗಿತು. ಕಂಕುಳು ಬತ್ತಿ, ಸೀಸೆ ಜಾರಿ ಒಂದು ಸಲ ಬೀದಿಯಲ್ಲಿ ಒಡೆಯಿತು. ಆಗ ಆಸ್ಪತ್ರೆಗೆ ಬಂದರು, ಅದೂ ನಾನು ಊಟ ಬಿಟ್ಟು ಕೂತದ್ದಕ್ಕೆ.

ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಬಾಯಿ ಜೋರು. "ಏನ್ರೀ ಇದು? ಇಷ್ಟು ದಿನ ಏನ್ ಮಾಡ್ತಿದ್ರಿ? ತಡ ಮಾಡ್ಬೇಡಿ ಅಂತ ಊರಿಗೆಲ್ಲ ಬೈತೀರಂತೆ, ನಿಮಗೆ ಯಾರೂ ಬೈಯೋರಿರಲಿಲ್ವಾ?" ಅಂತ ಚೆನ್ನಾಗಿ ಝಾಡಿಸಿದಳು. ನನ್ನ ಎದೆ ಹಗುರವಾಯಿತು. ಬೈದಳಲ್ಲ, ಅಷ್ಟು ಸಾಕು. ಜ್ವರ ನೋಡಲು ನರ್ಸು ಬಂದರೆ, ಅವಳು ಕೇಳುವ ಮೊದಲೇ ಇವರು ಎಡಗೈ ಎತ್ತಿದರು. "ಇಲ್ಲಿಡಮ್ಮ, ಬೇಗ ಬಿಸಿಯಾಗುತ್ತೆ. ಅಭ್ಯಾಸ ಇದೆ," ಅಂದರು. ಆವತ್ತು ನಾವು ನಗುತ್ತಲೇ ಮನೆಗೆ ಬಂದೆವು.

ಪರೀಕ್ಷೆಗಳೆಲ್ಲ ಮುಗಿದು ಮತ್ತೆ ಕರೆದಾಗ ಡಾಕ್ಟರಮ್ಮ ಎದ್ದು ಬಂದು ಇವರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಹೊಟ್ಟೆಯ ಮೇಲೆ ಕೈ ಇಟ್ಟಳು, ಒತ್ತಲಿಲ್ಲ. "ಯಜಮಾನ್ರೇ, ಏನು ತಿನ್ನಬೇಕು ಅನ್ಸುತ್ತೋ ತಿನ್ನಿ. ಒಂದು ವಿಟಮಿನ್ ಇಂಜೆಕ್ಷನ್ ಬರೆದಿದೀನಿ. ಸ್ವಲ್ಪ ಶಕ್ತಿ ಬರುತ್ತೆ," ಅಂದಳು.

ದನಿ ಮೆತ್ತಗಿತ್ತು.

ನಾನು ಗೋಡೆಯ ಕಡೆ ನೋಡಿದೆ. ಇವರ ಮುಖ ನೋಡುವ ಧೈರ್ಯ ಬರಲಿಲ್ಲ. ಹೊರಗೆ ಬಂದು, ಔಷಧಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಾಗ ಅವರೇ ಹೇಳಿದರು, "ಬೈಲಿಲ್ಲ ನೋಡು."

ಅಲ್ಲಿಗೆ ಅವರಿಗೂ ಗೊತ್ತಿತ್ತು. ತಮ್ಮ ದನಿ ಬದಲಾಗುವುದು, ಬದಲಾದಾಗ ಜನ ನಮ್ಮಿಬ್ಬರ ಮುಖ ನೋಡುವುದು, ಎಲ್ಲ. ಅಷ್ಟು ವರ್ಷ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರು.

"ತಗೊಳ್ಳೋದು ಬೇಡ ಬಿಡಿ ಹಾಗಾದ್ರೆ," ಅಂದೆ ನಾನು. ಸಿಟ್ಟು ಬಂದಿತ್ತು.

"ತಗೋ. ಪಾಪ, ಬರಿಗೈಲಿ ಹ್ಯಾಗೆ ಕಳಿಸ್ತಾಳೆ," ಅಂದರು.

ದಿನಾ ಬೆಳಿಗ್ಗೆ ನರ್ಸು ಮನೆಗೆ ಬಂದು ಚುಚ್ಚಿ ಹೋಗುತ್ತಿದ್ದಳು. ಅವಳು ಬರುವ ಹೊತ್ತಿಗೆ ಮದ್ದಿನ ಸೀಸೆಯನ್ನು ನಾನು ನನ್ನ ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದೆ. ಯಾರೂ ಹೇಳಿದ್ದಲ್ಲ. ಮೊದಲ ದಿನ ಅವರು ಅದನ್ನು ಕಂಡು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ದಿನವೂ ಒಂದೇ ಮಾತು.

"ಬೆಚ್ಚಗಾಯ್ತಾ?"

"ಆಯ್ತು."

ಕೊನೆಗೆ ಅವರ ತೋಳು ಬೆರಳಿನ ದಪ್ಪವಾಗಿತ್ತು, ಸೂಜಿ ಇಳಿಸಲು ಜಾಗ ಹುಡುಕಬೇಕಿತ್ತು. ಆಗಲೂ ಬೇಡ ಅನ್ನಲಿಲ್ಲ. ಆ ಬಿಳಿ ಆಡಿನ ಹಾಗೆ, ಒದೆಯಲಿಲ್ಲ. ಒಂದು ಬೆಳಿಗ್ಗೆ ನಾನು ಸೀಸೆ ಬೆಚ್ಚಗೆ ಮಾಡಿಕೊಂಡು ಕೂತಿದ್ದೆ. ಅವರು ಕೇಳಲಿಲ್ಲ. ನರ್ಸು ಬಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಸೂಜಿಯನ್ನು ಮತ್ತೆ ಡಬ್ಬಿಗೆ ಹಾಕಿಕೊಂಡಳು.

ಪೊರಕೆ ಅಜ್ಜಿ ಬಂದಿದ್ದಳು. ಅವರ ಕಾಲ ಬಳಿ ಕೂತು ಅತ್ತಳು. ಅವಳು ಆವತ್ತು ಹೇಳಿದ್ದು ಈಗಲೂ ನಿಜ. ನನಗೂ ಡಾಕ್ಟರಮ್ಮ ಅಂದೇ ಹೇಳಿದ್ದರೆ ಅಂದೇ ಅತ್ತು ಮುಗಿಸಬಹುದಿತ್ತು. ಹೇಳದೇ ಇದ್ದದ್ದಕ್ಕೆ ಅಳು ಇನ್ನೂ ಮುಗಿದಿಲ್ಲ. ಆದರೆ ಆ ಬೆಳಿಗ್ಗೆಗಳು ಇದ್ದವು. ಒಬ್ಬರು ಕೇಳುವುದಕ್ಕೆ ಇದ್ದರು, ಇನ್ನೊಬ್ಬರು ಆಯ್ತು ಅನ್ನುವುದಕ್ಕೆ.

ಕೋಟು ಮೊಳೆಗೆ ತೂಗುಹಾಕಿದ್ದೇನೆ. ಗುಂಡಿ ಹೊಲಿದಿಲ್ಲ. ಎಡಗಡೆಯ ತೋಳು ಖಾಲಿ ಇದ್ದರೂ ಮೈಗೆ ಅಂಟಿಕೊಂಡೇ ನೇತಾಡುತ್ತದೆ.

ಇಂಥವರು ಊರಿಗೊಬ್ಬರು ಇರುತ್ತಾರೆ. ಸಾವನ್ನು ತಡೆಯುವಷ್ಟು ವಿದ್ಯೆ ಅವರಲ್ಲಿ ಇರುವುದಿಲ್ಲ, ಸಾಯುತ್ತದೆ ಅಂತ ಹೇಳುವಷ್ಟು ಎದೆಯೂ ಇರುವುದಿಲ್ಲ. ಎರಡರ ನಡುವೆ ಒಂದು ಸೂಜಿ ಹಿಡಿದು ನಿಂತಿರುತ್ತಾರೆ. ಜನ ಅದನ್ನು ಸುಳ್ಳು ಅಂತಾರೆ. ನಾನೂ ಅಂದಿದ್ದೇನೆ. ಸುಳ್ಳೇ ಇರಬಹುದು. ಬೆಚ್ಚಗಂತೂ ಇರುತ್ತದೆ.