ಮೇಲಿನಿಂದ ಬರುವ ವೈರು

ಮತ್ತೆ ಕೆಂಪು — ಈಗಷ್ಟೇ ಹಸಿರಿತ್ತಲ್ಲ, ಲೋಟ ಕೆಳಗಿಟ್ಟು ತಲೆಯೆತ್ತುವಷ್ಟರಲ್ಲಿ ಕೆಂಪು, ಬೀರುವಿನ ಮೇಲೆ ಎರಡು ಕೊಂಬು ನಿಮಿರಿಸಿ ಕುಳಿತಿರುವ ಬಿಳಿ ರೂಟರ್, ತನಗೂ ಈ ಮನೆಗೂ ಸಂಬಂಧವೇ ಇಲ್ಲ ಎಂಬ ಮುಖ ಅದರದು, ಮತ್ತು ನೆತ್ತಿಯ ಮೇಲೆ, ಹಲಗೆಯ ಆಚೆ, ದಪ್, ದಪ್, ಓರಗಿತ್ತಿಯ ಹೆಜ್ಜೆ, ಎಡಗಾಲು ಯಾವಾಗಲೂ ಭಾರವಾಗಿ ಬೀಳುತ್ತದೆ, ಹೆಜ್ಜೆ ಬಿತ್ತು, ದೀಪ ಕೆಂಪಾಯಿತು, ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು. ನಾಲ್ಕು ಗಂಟೆಗೆ ಪರೀಕ್ಷೆ. ಪರೀಕ್ಷೆ ತನಗಲ್ಲ, ಲೈನಿಗೆ, ಆಸ್ಪತ್ರೆಯ ಸೂಪರ್‌ವೈಸರಮ್ಮ ಬಿಡಿಸಿ ಹೇಳಿದ್ದರಲ್ಲ, ನಿಮ್ಮ ದನಿ ನಮಗೆ ಒಪ್ಪಿಗೆ ಮೇಡಂ, ರೋಗಿಗಳ ಫೋನು ತಗೊಳ್ಳೋದು, ಡಾಕ್ಟರ ಸಮಯ ಕೊಡೋದು, ಮನೇಲೇ ಕೂತು ಮಾಡ್ಬಹುದು, ಆದ್ರೆ ವೈರು ಸಿಕ್ಕಿಸಿದ ಲೈನೇ ಆಗ್ಬೇಕು, ಮೊಬೈಲ್ ನೆಟ್ ನಡೆಯಲ್ಲ, ಅರ್ಧ ಗಂಟೆ ಒಂದ್ಸಲಾನೂ ಕಟ್ಟಾಗ್ಬಾರ್ದು. ಮೊದಲ ಸಲ ಕಟ್ಟಾಯಿತು, ಹೆಸರು ಹೇಳಿ ಮುಗಿಸುವ ಮೊದಲೇ. ಇದು ಎರಡನೆಯದು, ಇನ್ನೊಂದಿಲ್ಲ, ಮತ್ತೆ ಕಟ್ಟಾದ್ರೆ ಬೇರೆಯವರನ್ನ ನೋಡ್ಕೋತೀವಿ, ಬೇಜಾರು ಮಾಡ್ಕೋಬೇಡಿ. ಬೇಜಾರಂತೆ. ತಾನು ಫೋನು ತಗೊಳ್ಳುತ್ತಿದ್ದ ಕ್ಲಿನಿಕ್ಕಿಗೆ ಆ ಹಳೆಯ ಡಾಕ್ಟರು ಬಾಗಿಲು ಹಾಕಿದ ದಿನದಿಂದ ತನ್ನ ದನಿ ಈ ಮನೆಯಲ್ಲಿ ಹಾಲಿನವನನ್ನು ಕರೆಯಲು, ಗಂಡನನ್ನು ಎಬ್ಬಿಸಲು ಮಾತ್ರ ಖರ್ಚಾಗುತ್ತಿದೆ, ನಿಮ್ಮ ದನಿ ಕೇಳಿದ್ರೇನೇ ಅರ್ಧ ಜ್ವರ ಇಳಿಯುತ್ತಮ್ಮ ಎಂದಿದ್ದರು ಯಾರೋ ಒಬ್ಬ ಮುದುಕರು, ಮುಖ ನೋಡಿದವರಲ್ಲ, ಅದನ್ನು ಗಂಡನಿಗೆ ಹೇಳಿದಾಗ ಇನ್ನರ್ಧಕ್ಕೆ ಮಾತ್ರೆ ಬೇಕೇ ಬೇಕಲ್ಲ ಎಂದು ನಕ್ಕಿದ್ದ, ನಗಲಿ, ಆ ಕುರ್ಚಿಯಲ್ಲಿ ಕುಳಿತಾಗ ತಾನು ಯಾರೋ ಆಗಿದ್ದೆ ಎನ್ನುವುದು ಸುಳ್ಳಲ್ಲ, ಆ ಕುರ್ಚಿ ಈಗ ನಾಲ್ಕು ಗಂಟೆಗೆ ವಾಪಸು ಬರುತ್ತದೆ ಅಥವಾ ಬರುವುದೇ ಇಲ್ಲ.

ಆರಿಸಿ, ಮನಸ್ಸಿನಲ್ಲೇ ಎಣಿಸಿ, ಹಚ್ಚು. ಆರಿಸಿ, ಎಣಿಸಿ, ಹಚ್ಚು. ಕಸ್ಟಮರ್ ಕೇರಿನವಳು ಕಲಿಸಿದ ಮಂತ್ರ, ಪಾಪ ಅವಳೂ ತನ್ನಂಥವಳೇ, ಎಲ್ಲೋ ಒಂದು ಕುರ್ಚಿಯಲ್ಲಿ ಕುಳಿತು ಯಾರ ಮೇಲೂ ಸಿಟ್ಟಾಗದೆ ಮಾತಾಡುವ ಕೆಲಸ, ವೈರು ಗಟ್ಟಿಯಾಗಿ ಕೂತಿದೆಯಾ ನೋಡಿ ಮೇಡಂ, ಕೂತಿದೆಯಮ್ಮಾ, ನನಗಿಂತ ಗಟ್ಟಿಯಾಗಿ ಕೂತಿದೆ. ಲೈನ್‌ಮನ್ ಬಂದು ಮೇಲೆ ನೋಡಿದ, ಕೆಳಗೆ ನೋಡಿದ, ಮೀಸೆ ಉಜ್ಜಿಕೊಂಡ, ಬೀದಿ ಕಂಬದಿಂದ ಮೇಲಿನ ಮನೆಗೆ ಬರೋ ಲೈನ್ ನಮ್ದು, ಅದು ಹೂವಿನ ಹಾಗಿದೆ, ಮೇಲಿನ ಮನೆಯಿಂದ ನಿಮ್ಮ ಮನೆಗೆ ಇಳಿಯೋ ವೈರು ನಿಮ್ಮ ಮನೇ ವಿಷಯ, ನೀವು ನೀವು ಮಾತಾಡ್ಕೊಳ್ಳಿ ಎಂದು ಹೋದ. ಮಾತಾಡಿಕೊಳ್ಳಬೇಕಂತೆ. ಅದೇ ಇಲ್ಲವಲ್ಲಪ್ಪಾ. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡಾಗ ಎಲ್ಲ ಎರಡಾಯಿತು, ಒಲೆ ಎರಡು, ಬಾಗಿಲು ಎರಡು, ನೆಟ್ ಮಾತ್ರ ಒಂದೇ ಸಾಕು ಎಂದವನು ಮೈದುನ, ಒಂದೇ ಲೈನ್ ಅತ್ತಿಗೆ, ಮೇಲೊಂದು ಡಬ್ಬಿ ಕೆಳಗೊಂದು ಡಬ್ಬಿ, ನಡುವೆ ಒಂದು ವೈರು, ಎಂದು ಮೇಲಿನ ಅಡುಗೆಮನೆಯ ಹಲಗೆಯ ನೆಲಕ್ಕೆ ಡ್ರಿಲ್ ಇಟ್ಟು ತೂತು ಕೊರೆದಿದ್ದ, ವೈರಿನ ತುದಿಯ ಪ್ಲಗ್ ಹಿಡಿಸಲಿಲ್ಲವೆಂದು ಇನ್ನಷ್ಟು ಕೊರೆದ, ಕೊನೆಗೆ ಒಂದು ವೈರಿಗೆ ಮೂರು ವೈರಿನ ತೂತಾಯಿತು, ಮರದ ಪುಡಿ ತನ್ನ ತಲೆಯ ಮೇಲೆ ಉದುರುತ್ತಿತ್ತು, ಅದರ ಹಿಂದೆಯೇ ಬೆರಳು, ಓರಗಿತ್ತಿಯ ತೋರುಬೆರಳು, ಉಗುರು ನಡುವೆ ಸೀಳಿದ್ದು, ಭಾಗವಾಗಿ ಸಾಮಾನು ಸಾಗಿಸುವಾಗ ಗೇಟಿಗೆ ಸಿಕ್ಕಿ ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲ, ಆ ಬೆರಳು ಚಾವಣಿಯಿಂದ ಇಳಿದು ಆ ಕಡೆ ಈ ಕಡೆ ಅಲ್ಲಾಡಿತು, ಅಕ್ಕಾ ಕಾಣಿಸ್ತಾ, ಕಾಣಿಸ್ತು ಮಾರಾಯ್ತಿ, ಮೊದಲು ತೆಗಿ, ಹುಳ ಅಂದ್ಕೊಂಡೆ.

ಆಮೇಲೆ ಅದೇ ಅಭ್ಯಾಸವಾಯಿತು. ಬೆರಳು ಇಳಿದರೆ ಟೀ ಆಗಿದೆ ಎಂದರ್ಥ, ಎರಡು ಸಲ ಇಳಿದರೆ ಗಂಡಂದಿರ ಬಗ್ಗೆ ಹೇಳುವುದಿದೆ ಬೇಗ ಬನ್ನಿ ಎಂದರ್ಥ, ಒಮ್ಮೆ ತನಗೆ ಸೂಜಿ ಬೇಕಾದಾಗ ದಾರಕ್ಕೆ ಕಟ್ಟಿ ಇಳಿಸಿದ್ದಳು, ತೂತು ವೈರಿಗಿಂತ ಅವರಿಬ್ಬರಿಗೇ ಹೆಚ್ಚು ಉಪಯೋಗಕ್ಕೆ ಬಂತು. ಆದರೆ ತೂತು ಕರೆದದ್ದನ್ನು ಮಾತ್ರ ಕೇಳಿಸುವುದಿಲ್ಲವಲ್ಲ, ಕರೆಯದ್ದನ್ನೂ ಕೇಳಿಸುತ್ತದೆ. ಆ ದಿನ ಮೇಲಿನವಳು ಗಂಡನಿಗೆ ಹೇಳುತ್ತಿದ್ದಳು, ಅಕ್ಕನಿಗೆ ಮತ್ತೆ ಕೆಲಸ ಬೇಕಂತೆ ರೀ, ಫೋನಲ್ಲಿ ಮಾತಾಡೋದೂ ಒಂದು ಕೆಲಸಾನಾ. ಇಷ್ಟೇ, ಒಂದೇ ವಾಕ್ಯ, ನಗುತ್ತಲೇ ಹೇಳಿರಬೇಕು, ಆದರೂ ಅದು ನೇರವಾಗಿ ಬಂದು ಎದೆಗೆ ನಾಟಿತು. ತಾನು ಆಗ ಅಕ್ಕನಿಗೆ ಫೋನು ಹಚ್ಚಿ, ಒಡಹುಟ್ಟಿದ ಅಕ್ಕನಿಗೆ, ಏನೆಂದೆ — ಅವಳಿಗೇನೇ ಬಂತು, ಬೆನ್ನು ನೋವು ಬೆನ್ನು ನೋವು ಅಂತ ಮಲ್ಕೊಂಡೇ ದಿನ ಕಳೀತಾಳೆ. ಪಿಸುಗುಟ್ಟಿದೆನೇ, ಇಲ್ಲ, ಕ್ಲಿನಿಕ್ಕಿನ ದನಿಯಲ್ಲೇ ಹೇಳಿದೆ, ಸ್ಪಷ್ಟವಾಗಿ. ಹೇಳಿ ಸಮಾಧಾನವಾಗದೆ ಸ್ಟೂಲು ಹತ್ತಿ, ದಿಂಬಿನ ಚೀಲ ಹೊಲಿದು ಉಳಿದಿದ್ದ ನೀಲಿ ಹೂವಿನ ಬಟ್ಟೆಯನ್ನು ಉಂಡೆ ಮಾಡಿ, ಸೌಟಿನ ಹಿಡಿಯಿಂದ ಆ ತೂತಿಗೆ ತುರುಕಿದ್ದೆ, ವೈರಿನ ಪಕ್ಕದಲ್ಲಿ, ಬಿಗಿಯಾಗಿ, ಇನ್ನು ಅತ್ತಲಿಂದ ಗಾಳಿಯೂ ಬೇಡ ಎಂದು. ಅಂದಿನಿಂದ ಮೇಲಿನವಳು ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾಳೆ, ತಾನು ಇನ್ನೊಂದು ಗೋಡೆ ನೋಡುತ್ತೇನೆ, ಮತ್ತು ಅಂದಿನಿಂದಲೇ, ಹೌದು, ಅಂದಿನಿಂದಲೇ ಈ ದೀಪ ಕೆಂಪಾಗುವುದು. ಅವಳೇ ಮಾಡುತ್ತಾಳೆ. ಬಂದು, ತನ್ನ ಡಬ್ಬಿಯಿಂದ ವೈರು ಕಿತ್ತು, ಮತ್ತೆ ಸಿಕ್ಕಿಸಿ ಹೋಗುತ್ತಾಳೆ. ದಪ್ ದಪ್, ಕೆಂಪು. ನೋಡು, ನೋಡು, ಈಗ ಮತ್ತೆ.

ಆದರೆ ಅವಳ ಡಬ್ಬಿ ಇರುವುದು ಮುಂದಿನ ಕೋಣೆಯಲ್ಲಿ. ಹೆಜ್ಜೆ ಬಿದ್ದದ್ದು ಹಿಂದೆ, ಇಲ್ಲಿ, ಅಡುಗೆಮನೆಯಲ್ಲಿ, ತನ್ನ ತಲೆಯ ಮೇಲೆ. ಈ ಮಾತು ಇಷ್ಟು ದಿನ ತಲೆಗೆ ಯಾಕೆ ಹೊಳೆಯಲಿಲ್ಲ, ಸಿಟ್ಟು ಬಂದಾಗ ತಲೆ ಅರ್ಧ ದಿನದ ರಜೆ ಹಾಕುತ್ತದೆ. ಅವಳು ಸ್ಟೂಲು ಎಳೆದಳು, ಹತ್ತಿದಳು, ಮೊಣಕಾಲು ಕಟ್ ಎಂದಿತು, ವೈರನ್ನು ಎರಡು ಬೆರಳಿನಲ್ಲಿ ಹಿಡಿದಳು — ಮೇಲೆ ದಪ್ ಎಂದಾಗ ವೈರು ಅವಳ ಕೈಯಲ್ಲಿ ಸಣ್ಣಗೆ ಜಗ್ಗಿತು. ಚಾಪೆಯ ಕೆಳಗೆ ಹಾಯ್ದು ಬರುವ ವೈರು, ಓರಗಿತ್ತಿ ಒಲೆಯ ಮುಂದೆ ನಿಲ್ಲುವ ಜಾಗ, ತುಳಿದಾಗಲೆಲ್ಲ ಜಗ್ಗುತ್ತದೆ, ಮುಂಚೆಯೂ ಜಗ್ಗುತ್ತಿತ್ತು, ಆಗ ತೂತಿನಲ್ಲಿ ಸಲೀಸಾಗಿ ಜಾರಿಕೊಳ್ಳುತ್ತಿತ್ತು, ಈಗ ಜಾರಲು ಜಾಗವೆಲ್ಲಿ, ಬಟ್ಟೆ ತುರುಕಿದವರು ಯಾರು, ಸೌಟು ಹಿಡಿದವರು ಯಾರು. ಉಗುರಿನಿಂದ ಬಟ್ಟೆಯ ತುದಿ ಹಿಡಿದು ಎಳೆದಳು, ನೀಲಿ ಹೂವು, ಬಂತು, ಪೂರ್ತಿ ಬಂತು, ಕೈಯಲ್ಲಿದೆ. ತಲೆಯೆತ್ತಿ ನೋಡಿದರೆ ತೂತಿನಲ್ಲಿ ಮತ್ತೆ ನೀಲಿ ಹೂವು. ಅರೆ, ಪೂರ್ತಿ ಬಂತಲ್ಲ, ಇದೆಲ್ಲಿಯದು. ಒಂದು ಗಳಿಗೆ ಬೇಕಾಯಿತು. ದಿಂಬಿನ ಚೀಲಕ್ಕೆ ಬಟ್ಟೆ ತಂದವರು ಇಬ್ಬರು, ಒಂದೇ ಅಂಗಡಿ, ಒಂದೇ ಥಾನಿನ ಬಟ್ಟೆ, ಸರಿಯಾಗಿ ಅರ್ಧರ್ಧ ಕತ್ತರಿಸಿಕೊಂಡದ್ದು. ಅಂದರೆ ಅವಳೂ ಕೇಳಿಸಿಕೊಂಡಿದ್ದಾಳೆ. ಮಲ್ಕೊಂಡೇ ದಿನ ಕಳೀತಾಳೆ. ಅಯ್ಯೋ, ಪದ ಪದವೂ ಕೇಳಿಸಿರಬೇಕು.

ನಾಲ್ಕಕ್ಕೆ ಇನ್ನು ಸ್ವಲ್ಪವೇ. ಕರೆಯಬೇಕು, ಏನೆಂದು ಕರೆಯುವುದು, ಹೆಸರು ಹಿಡಿದು ಕರೆದವಳೇ ಅಲ್ಲ, ಬೆರಳು ಕಂಡರೆ ಹೋಗುತ್ತಿದ್ದೆ ಅಷ್ಟೇ. ಸೌಟು ತಂದು ಅದರ ಹಿಡಿಯಿಂದ ಹಲಗೆಗೆ ಟಕ್ ಟಕ್ ಬಡಿದಳು. ಮೇಲೆ ಹೆಜ್ಜೆ ನಿಂತಿತು. ಬಗ್ಗುವ ಸದ್ದು, ಅಮ್ಮಾ ಎಂಬ ನರಳಿಕೆ, ಬೆನ್ನು, ನಿಜವಾದ ಬೆನ್ನು ನೋವೇ ಅದು, ಕಿವಿಯಿದ್ದವರಿಗೆ ಗೊತ್ತಾಗುವಂಥದ್ದು. ನೀಲಿ ಹೂವು ಮೇಲಕ್ಕೆ ಸರಿಯಿತು, ಬೆಳಕು ಬಿತ್ತು, ತೂತಿನ ನಡುವೆ ವೈರು ಮಡಚಿಕೊಂಡಿರುವುದು ಕಂಡಿತು. ನೀವೂ ತುರುಕಿದ್ರಾ ಅಕ್ಕಾ. ಹ್ಞೂಂ. ಯಾವತ್ತು. ನೀನು ಯಾವತ್ತು. ಅವತ್ತೇ. ನಾನೂ ಅವತ್ತೇ. ಇವಳೇ ವಿಷಯಕ್ಕೆ ಬಂದಳು, ನಾಲ್ಕು ಗಂಟೆಗೆ ನನ್ನ ಲೈನ್ ಟೆಸ್ಟ್ ಕಣೇ, ವೈರು ನಡುವೆ ಮಡಚಿ ಹೋಗಿದೆ. ಟೆಸ್ಟ್ ವಿಷಯ ಗೊತ್ತು ಅಕ್ಕಾ, ನಿಮ್ಮ ಮೈದುನ ಹೇಳಿದ್ರು. ಬೇರೆ ವೈರಿದೆಯಾ. ಇಲ್ಲ, ನಾಳೆ ತರಬಹುದು. ನಾಳೆ ತಗೊಂಡು ಏನು ಮಾಡ್ಲಿ. ವೈರು ಒಮ್ಮೆ ಅಲುಗಿತು, ದೀಪ ಕೆಂಪು, ಇನ್ನೊಮ್ಮೆ ಅಲುಗಿತು, ಹಸಿರು, ಹಸಿರಾಗಿಯೇ ಉಳಿಯಿತು. ಈಗ ಹೇಗಿದೆ ಅಕ್ಕಾ. ಹಸಿರು. ಹಾಗಾದ್ರೆ ಮಡಚಿದ ಜಾಗ ಒತ್ತಿ ಹಿಡ್ಕೊಂಡ್ರೆ ಸರಿಹೋಗ್ತದೆ, ನೀವು ಹೋಗಿ ಕೂತ್ಕೊಳ್ಳಿ. ಅರ್ಧ ಗಂಟೆ ಕಣೇ. ಗೊತ್ತು, ಹೋಗಿ. ನಿನ್ನ ಬೆನ್ನು. ಹೋಗಿ ಅಕ್ಕಾ, ಕೆಲಸಕ್ಕೆ ಹೊತ್ತಾಯ್ತು.

ಕೆಲಸ ಎಂದಳು. ಕುರ್ಚಿ, ಹೆಡ್‌ಫೋನು, ಪರದೆಯ ಮೇಲೆ ಸೂಪರ್‌ವೈಸರಮ್ಮನ ಕನ್ನಡಕ, ನಮಸ್ಕಾರ ಮೇಡಂ, ಶುರು ಮಾಡೋಣ್ವಾ, ನಾನೇ ರೋಗಿ ಅಂದ್ಕೊಳ್ಳಿ, ಹೇಳಿ ಅಮ್ಮಾ ಏನಾಗ್ತಿದೆ, ದನಿ ತಾನಾಗಿ ಬಂತು, ಹಳೆಯ ಬಟ್ಟೆ ಇನ್ನೂ ಮೈಗೆ ಸರಿಯಾಗಿ ಕೂತಂತೆ, ಎಷ್ಟು ದಿನದಿಂದ ನೋವು, ಯಾವ ಕಡೆ, ಬಗ್ಗಿದ್ರೆ ಜಾಸ್ತಿ ಆಗ್ತದಾ — ಬೆನ್ನು ನೋವನ್ನೇ ಹೇಳಬೇಕಾಗಿತ್ತೇ ಈಕೆ — ನಾಳೆ ಬೆಳಿಗ್ಗೆ ಡಾಕ್ಟರು ಸಿಗ್ತಾರೆ, ಅಲ್ಲೀತನಕ ಭಾರ ಎತ್ಬೇಡಿ, ಒಂದೇ ಕಡೆ ಬಗ್ಗಿ ಕೂರ್ಬೇಡಿ ಅಮ್ಮಾ, ಎನ್ನುತ್ತ ಕಣ್ಣು ಒಮ್ಮೆ ರೂಟರಿನ ಕಡೆ, ಹಸಿರು, ಇನ್ನೊಂದು ಪ್ರಶ್ನೆ, ಹಸಿರು, ಮತ್ತೊಂದು, ಹಸಿರು, ಮೇಲೆ ಹಲಗೆ ಒಮ್ಮೆಯೂ ದಪ್ ಎನ್ನಲಿಲ್ಲ, ಉಸಿರಿನ ಸದ್ದು ಮಾತ್ರ, ತಡೆತಡೆದು ಬಿಡುವ ಉಸಿರು, ಬಹಳ ಚೆನ್ನಾಗಿ ಕೇಳಿಸ್ತಿದೆ ಮೇಡಂ ಇನ್ನು ಸ್ವಲ್ಪವೇ ಎನ್ನುತ್ತಿದ್ದಾರೆ ಕನ್ನಡಕದವರು, ಹ್ಞೂಂ ಎನ್ನಬೇಕು, ಎಂದಳು, ನೋಡಬಾರದು ಎಂದುಕೊಂಡೇ ತಲೆಯೆತ್ತಿ ನೋಡಿದಳು, ಚಾವಣಿಯ ತೂತಿನಲ್ಲಿ, ವೈರಿಗೆ ಒತ್ತಿಕೊಂಡು, ರಕ್ತ ಇಳಿದು ಕೆಂಪೇರಿ, ಸಣ್ಣಗೆ ನಡುಗುತ್ತ, ಒಂದಿಷ್ಟೂ ಸರಿಯದೆ, ಉಗುರು ಸೀಳಿದ ಆ ಬೆರಳು.